ಕಗ್ಗಕ್ಕೆ ಮೊದಲು ಪತ್ರಿಕೆ, ಗೀತೆಗೆ ಮೊದಲು ಗೋಖಲೆ: ಡಿವಿಜಿ ವಿಚಾರ ಬೆಳೆದ ದಾರಿ

ಬೇಲೂರು ತಾಲ್ಲೂಕಿನ ಮಾದಿಹಳ್ಳಿ ಹೋಬಳಿ ಕಡೆಯ ಶಾಲೆಗಳಲ್ಲಿ, ಮೇಷ್ಟ್ರ ಬೀಳ್ಕೊಡುಗೆಗಳಲ್ಲಿ, ಮದುವೆಯ ಕರೆಯೋಲೆಗಳಲ್ಲಿ ಡಿವಿಜಿ ಹೆಸರು ಇಂದಿಗೂ ಓಡಾಡುತ್ತದೆ. ಅವರ 'ಮಂಕುತಿಮ್ಮನ ಕಗ್ಗ'ದ ನಾಲ್ಕು ಸಾಲು ಹೇಳಿ ಮೈಕು ಕೆಳಗಿಡುವ ಭಾಷಣಕಾರರು ಊರಿಗೊಬ್ಬರಾದರೂ ಸಿಗುತ್ತಾರೆ. ಈ ಸೀಮೆಗೂ ಡಿವಿಜಿಯವರಿಗೂ ಇನ್ನೊಂದು ನಂಟಿದೆ. ಬೇಲೂರು ಚೆನ್ನಕೇಶವ ದೇವಾಲಯದ ಶಿಲಾಬಾಲಿಕೆಯರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿ, ಅವರಿಗೆ ರಾಗ ತಾಳ ಕೊಟ್ಟು ಹಾಡು ಕಟ್ಟಿದವರು ಅವರು. ಆ ಹಾಡುಗಳೇ 'ಅಂತಃಪುರ ಗೀತೆ'. ಸಂಗೀತ ಕಛೇರಿಗಳಲ್ಲೂ ಭರತನಾಟ್ಯದ ವೇದಿಕೆಗಳಲ್ಲೂ ಅವು ಈಗಲೂ ಬದುಕಿವೆ.

ಹೀಗಾಗಿ ನಮ್ಮ ಜನರಿಗೆ ಡಿವಿಜಿ ಎಂದರೆ ಎರಡು ಚಿತ್ರ. ಒಂದು, ಬಾಳಿನ ಕಷ್ಟಕ್ಕೆ ಸಮಾಧಾನ ಹೇಳುವ ಅಜ್ಜ. ಇನ್ನೊಂದು, ಚೆಲುವಿಗೆ ಮನಸೋತ ಕವಿ. ಎರಡೂ ನಿಜ. ಆದರೆ ಇವೆರಡಕ್ಕೂ ಹಿಂದೆ, ಇವೆರಡನ್ನೂ ಹೊತ್ತುಕೊಂಡು ನಿಂತ ಮೂರನೆಯ ಡಿವಿಜಿ ಇದ್ದಾರೆ. ಬಜೆಟ್ಟಿನ ಅಂಕಿ ಓದುತ್ತಿದ್ದ, ಸಂವಿಧಾನದ ಕಲಮುಗಳ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಿದ್ದ, ದಿವಾನರ ಮುಖ ನೋಡದೆ ಬರೆಯುತ್ತಿದ್ದ ಪತ್ರಕರ್ತ. ಅವರ ವಿಚಾರದ ಬೇರು ಇರುವುದು ಅಲ್ಲಿ. ಆ ಬೇರನ್ನು ಬಿಟ್ಟು ಕಗ್ಗವನ್ನು ಮಾತ್ರ ಓದಿದರೆ ನಮಗೆ ಸಿಗುವುದು ಅರ್ಧ ಡಿವಿಜಿ.

ಈ ಮಾತನ್ನು ಬಿಡಿಸಿ ಹೇಳಲು ಚೀನಾದ ಕಡೆ ಒಮ್ಮೆ ನೋಡುವುದು ಒಳ್ಳೆಯದು.

ಕನ್ಫ್ಯೂಷಿಯಸ್ ಪಂಥದ 'ಮಹಾವಿದ್ಯೆ' ಎಂಬ ಪುಟ್ಟ ಗ್ರಂಥದಲ್ಲಿ ಒಂದು ಏಣಿಯಿದೆ. ವಸ್ತುಗಳನ್ನು ಪರೀಕ್ಷಿಸುವುದರಿಂದ ತಿಳಿವು, ತಿಳಿವಿನಿಂದ ಸಂಕಲ್ಪಶುದ್ಧಿ, ಅದರಿಂದ ಮನಸ್ಸಿನ ನೇರ್ಪಾಡು, ಆಮೇಲೆ ವ್ಯಕ್ತಿಯ ಸಂಸ್ಕಾರ, ಕುಟುಂಬದ ವ್ಯವಸ್ಥೆ, ರಾಜ್ಯದ ಆಡಳಿತ, ಕೊನೆಗೆ ಲೋಕದ ಶಾಂತಿ. ಒಳಗಿನ ಸಾಧನೆಯೂ ಹೊರಗಿನ ಆಡಳಿತವೂ ಒಂದೇ ಏಣಿಯ ಮೆಟ್ಟಿಲುಗಳು ಎಂಬುದು ಅದರ ಸಾರ. ಸುಮಾರು ಆರುನೂರು ವರ್ಷ ಚೀನಾದ ಅಧಿಕಾರಿಗಳು ಇದನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದರು. 1905ರಲ್ಲಿ ಆ ಪರೀಕ್ಷೆ ರದ್ದಾಯಿತು. 1912ರಲ್ಲಿ ಕೊನೆಯ ಚಕ್ರವರ್ತಿ ಸಿಂಹಾಸನ ಬಿಟ್ಟ. 1919ರ ಹೊತ್ತಿಗೆ ವಿದ್ಯಾರ್ಥಿಗಳು ಬೀದಿಗೆ ಬಂದಿದ್ದರು. ದೇಶದ ದುರ್ಗತಿಗೆಲ್ಲ ಕನ್ಫ್ಯೂಷಿಯಸನೇ ಕಾರಣ ಎಂದು ಆ ಪೀಳಿಗೆಯ ಬುದ್ಧಿವಂತರು ದೂರುತ್ತಿದ್ದರು. ಪರೀಕ್ಷೆಯೂ ಇಲ್ಲದೆ, ಅರಸನೂ ಇಲ್ಲದೆ, ಗೌರವವೂ ಇಲ್ಲದೆ ಬೀದಿಗೆ ಬಿದ್ದ ಆ ಪರಂಪರೆಯನ್ನು ಕೈಗೆತ್ತಿಕೊಂಡು, ಹೊಸ ಕಾಲಕ್ಕೆ ಇದರಲ್ಲಿ ಉಳಿಯುವುದೇನು ಎಂದು ಕೇಳಿದವರನ್ನು ಆಧುನಿಕ ಕನ್ಫ್ಯೂಷಿಯನ್ ಚಿಂತಕರು ಎನ್ನುತ್ತಾರೆ. ಅವರಲ್ಲಿ ಮೊದಲ ಸಾಲಿನವರು ಲಿಯಾಂಗ್ ಶೂಮಿಂಗ್.

ಲಿಯಾಂಗ್ ಹುಟ್ಟಿದ್ದು 1893ರಲ್ಲಿ, ಬೀಜಿಂಗ್‌ನಲ್ಲಿ. ಓದಿದ್ದು ಮಾಧ್ಯಮಿಕ ಶಾಲೆಯವರೆಗೆ ಮಾತ್ರ. ಆದರೂ ಬೌದ್ಧ ದರ್ಶನದ ಮೇಲೆ ಬರೆದ ಲೇಖನ ನೋಡಿ ಪೀಕಿಂಗ್ ವಿಶ್ವವಿದ್ಯಾಲಯ ಅವರನ್ನು ಕರೆಯಿತು. 1917ರಲ್ಲಿ ಅಲ್ಲಿ ಪಾಠ ಹೇಳಲು ನಿಂತರು. ಅವರು ಹೇಳಿದ ಪಾಠ ಭಾರತೀಯ ತತ್ತ್ವಶಾಸ್ತ್ರ. ಮರುವರ್ಷವೇ ಅವರ ತಂದೆ, ಹಳೆಯ ಮೌಲ್ಯಗಳ ಅವಸಾನ ಕಂಡು ನೊಂದು, ಕೆರೆಗೆ ಹಾರಿ ಪ್ರಾಣ ಬಿಟ್ಟರು. ಮಗ ಬೌದ್ಧ ವೈರಾಗ್ಯದ ಕಡೆಯಿಂದ ಕನ್ಫ್ಯೂಷಿಯಸನ ಕಡೆಗೆ ತಿರುಗಿದ್ದು ಆ ಆಘಾತದ ನಂತರ. 1921ರಲ್ಲಿ ಬಂದ ಅವರ ಗ್ರಂಥ ಜಗತ್ತಿನ ಸಂಸ್ಕೃತಿಗಳನ್ನು ಮೂರು ದಾರಿಗಳಾಗಿ ಕಂಡಿತು. ಪಶ್ಚಿಮದ್ದು ಮುನ್ನುಗ್ಗಿ ಗೆಲ್ಲುವ ದಾರಿ, ಚೀನಾದ್ದು ಹೊಂದಿಸಿಕೊಂಡು ಬಾಳುವ ದಾರಿ, ಭಾರತದ್ದು ಆಸೆಯಿಂದಲೇ ಹಿಂದೆ ಸರಿಯುವ ದಾರಿ.

ಭಾರತದ ಬಗ್ಗೆ ಅವರು ಕೊಟ್ಟ ಆ ತೀರ್ಪು ತಪ್ಪು ಎಂದು ನನಗನಿಸುತ್ತದೆ. ತಪ್ಪು ಎನ್ನುವುದಕ್ಕೆ ನನ್ನ ಕೈಯಲ್ಲಿರುವ ದೊಡ್ಡ ಸಾಕ್ಷಿ ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ಪತ್ರಿಕೆ ನಡೆಸುತ್ತಿದ್ದ ಒಬ್ಬ ಕನ್ನಡಿಗ.

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಹುಟ್ಟಿದ್ದು 1887ರ ಮಾರ್ಚ್ 17ರಂದು, ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ. ಇವರದೂ ಲಿಯಾಂಗರ ಕಥೆಯೇ: ಮೆಟ್ರಿಕ್ಯುಲೇಷನ್ ಪಾಸಾಗಲಿಲ್ಲ. ಹೊಟ್ಟೆಪಾಡಿಗೆ ಕೋಲಾರ ಚಿನ್ನದ ಗಣಿಯ ಕಡೆ ಸೋಡಾ ಕಾರ್ಖಾನೆಯಲ್ಲಿ ದುಡಿದರು, ಬೆಂಗಳೂರಿಗೆ ಬಂದು ಗಾಡಿಗಳಿಗೆ ಬಣ್ಣ ಬಳಿಯುವ ಕಡೆ ಕೆಲಸ ಮಾಡಿದರು. ಕಾಲೇಜು ಮೆಟ್ಟಿಲು ಹತ್ತದ ಈ ಯುವಕನಿಗೆ ಕೊನೆಗೆ ದಾರಿ ತೋರಿಸಿದ್ದು ಅಚ್ಚಿನ ಮನೆ. ಇಂಗ್ಲಿಷನ್ನೂ ರಾಜ್ಯನೀತಿಯನ್ನೂ ಪತ್ರಿಕೆಯ ಕೆಲಸ ಮಾಡುತ್ತಲೇ ಕಲಿತರು. ಬರ್ಕ್, ಮಿಲ್, ಮಾರ್ಲಿ ಇವರೆಲ್ಲ ಅವರಿಗೆ ಪಠ್ಯಪುಸ್ತಕಗಳಾಗಿ ಬಂದವರಲ್ಲ. ನಾಳೆ ಬೆಳಿಗ್ಗೆಗೆ ಸಂಪಾದಕೀಯ ಬರೆಯಬೇಕಾದವನಿಗೆ ನೆರವಾಗಿ ಬಂದವರು.

ಅವರ ಆರಂಭದ ಬರಹಗಳಲ್ಲಿ ಒಂದು ದಿವಾನ್ ರಂಗಾಚಾರ್ಲು ಅವರನ್ನು ಕುರಿತದ್ದು. ಈ ಆಯ್ಕೆಯಲ್ಲೇ ಒಂದು ಮನೋಧರ್ಮ ಕಾಣುತ್ತದೆ. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿದಾಗ ಪ್ರಜಾಪ್ರತಿನಿಧಿ ಸಭೆ ಕಟ್ಟಿದವರು ರಂಗಾಚಾರ್ಲು. ಅರಸನೂ ಇದ್ದು ಪ್ರಜೆಯ ಬಾಯಿಗೂ ಬೆಲೆ ಇರುವ ವ್ಯವಸ್ಥೆ ಸಾಧ್ಯವೇ ಎಂಬ ಪ್ರಶ್ನೆ ಡಿವಿಜಿಯವರಿಗೆ ಇಪ್ಪತ್ತರ ಹರೆಯದಲ್ಲೇ ಅಂಟಿಕೊಂಡಿತು. 1908ರಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳ ಮೇಲೆ ಕಟ್ಟುನಿಟ್ಟಿನ ಕಾಯ್ದೆ ಹೇರಿದಾಗ ಹಲವು ಪತ್ರಿಕೆಗಳು ನಿಂತೇ ಹೋದವು. ಒಳ್ಳೆಯ ಅರಸ, ಸಮರ್ಥ ದಿವಾನ ಇದ್ದರೆ ಸಾಕು ಎಂಬ ನಂಬಿಕೆಗೆ ಅಲ್ಲಿಗೇ ಪೆಟ್ಟು ಬಿತ್ತು.

1913ರಲ್ಲಿ ಅವರು 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆ ಆರಂಭಿಸಿದರು. ವಾರಕ್ಕೆ ಎರಡು ಸಲ ಬರುತ್ತಿದ್ದ ಈ ಪತ್ರಿಕೆ 1921ರವರೆಗೆ ನಡೆಯಿತು. ಇದರ ಬಹುಪಾಲು ಕಾಲ ವಿಶ್ವೇಶ್ವರಯ್ಯನವರೇ ದಿವಾನರು. ಇಬ್ಬರಿಗೂ ಪರಸ್ಪರ ಗೌರವ ಗಾಢವಾಗಿತ್ತು. ಆದರೂ ದಿವಾನರ ಯೋಜನೆ ಮೆಚ್ಚಿದಾಗ ಮೆಚ್ಚಿ, ಒಪ್ಪದಿದ್ದಾಗ ಒಪ್ಪಲಿಲ್ಲವೆಂದು ಬರೆಯುವ ಸ್ವಾತಂತ್ರ್ಯವನ್ನು ಡಿವಿಜಿ ಬಿಟ್ಟುಕೊಡಲಿಲ್ಲ. ಸರ್ಕಾರದ ಹುದ್ದೆಗೂ ಕೈಚಾಚಲಿಲ್ಲ. ಕನ್ಫ್ಯೂಷಿಯಸನ ಪರಂಪರೆಯಲ್ಲಿ ಸಜ್ಜನನಾದ ವಿದ್ವಾಂಸನ ಮೊದಲ ಕರ್ತವ್ಯ ಇದೇ: ಅರಸನಿಗೆ ಅಪ್ರಿಯವಾದ ಸತ್ಯ ಹೇಳುವುದು. ಚೀನಾದಲ್ಲಿ ಆ ಮಾತು ಅರಮನೆಯ ಅಂಗಳದೊಳಗೆ ನಡೆಯಬೇಕಿತ್ತು. ಡಿವಿಜಿ ಅದನ್ನು ಯಾರು ಬೇಕಾದರೂ ಕೊಂಡು ಓದಬಹುದಾದ ಕಾಗದಕ್ಕೆ ತಂದರು. 1928ರಲ್ಲಿ ಬಾಗಲಕೋಟೆಯಲ್ಲಿ ನಡೆದ ಪತ್ರಕರ್ತರ ಸಮ್ಮೇಳನಕ್ಕೆ ಅವರನ್ನೇ ಅಧ್ಯಕ್ಷರನ್ನಾಗಿ ಕರೆದರು.

ಸಂಸ್ಥಾನಗಳ ಪ್ರಜೆಗಳ ಸ್ಥಿತಿಯ ಬಗ್ಗೆ ಅವರಷ್ಟು ಶ್ರಮಪಟ್ಟು ಬರೆದವರು ಆ ಕಾಲದ ದಕ್ಷಿಣ ಭಾರತದಲ್ಲಿ ಕಡಿಮೆ. ಬ್ರಿಟಿಷ್ ಭಾರತಕ್ಕೆ ಸುಧಾರಣೆ ಬಂದರೆ ಸಂಸ್ಥಾನದ ಜನ ಎಲ್ಲಿ ನಿಲ್ಲಬೇಕು, ಒಕ್ಕೂಟದಲ್ಲಿ ಅವರ ಹಕ್ಕೇನು, ಅರಸನಿಗೂ ಸಂವಿಧಾನದ ಲಗಾಮು ಹೇಗೆ ಹಾಕಬೇಕು ಎಂದು ಮನವಿಗಳನ್ನೂ ಪುಸ್ತಿಕೆಗಳನ್ನೂ ಬರೆದರು. 1926ರಿಂದ 1940ರವರೆಗೆ ಮೈಸೂರು ನ್ಯಾಯವಿಧಾಯಕ ಸಭೆಯ ಸದಸ್ಯರಾಗಿ ಅದೇ ಮಾತನ್ನು ಒಳಗೂ ಆಡಿದರು.

ಈ ಎಲ್ಲದರ ನಡುವೆ ಅವರಿಗೆ ಆದರ್ಶವಾಗಿ ನಿಂತವರು ಗೋಪಾಲಕೃಷ್ಣ ಗೋಖಲೆ. ಗೋಖಲೆಯವರ ಜೀವನಚರಿತ್ರೆಯನ್ನು ಡಿವಿಜಿ ಕನ್ನಡದಲ್ಲಿ ಬರೆದರು. ಸಾರ್ವಜನಿಕ ಬದುಕು ಆಧ್ಯಾತ್ಮಿಕ ಸಾಧನೆಯಷ್ಟೇ ಪವಿತ್ರವಾಗಬೇಕು ಎಂಬ ಗೋಖಲೆಯವರ ವಿಚಾರ ಡಿವಿಜಿಗೆ ಒಂದು ಸಮಸ್ಯೆಯಾಗಿ ಬಂತು ಎಂದು ನಾನು ಓದಿಕೊಳ್ಳುತ್ತೇನೆ. ಪತ್ರಿಕೆ ನಡೆಸಿದವರಿಗೆ ಗೊತ್ತಾಗುವ ಸಂಗತಿ ಒಂದಿದೆ. ಕಾನೂನು ಎಷ್ಟೇ ಚೆನ್ನಾಗಿರಲಿ, ಅದನ್ನು ನಡೆಸುವ ಮನುಷ್ಯನ ಮನಸ್ಸಿನಲ್ಲಿ ಲೋಭವಿದ್ದರೆ ಅದು ಹಳ್ಳಿ ತಲುಪುವಷ್ಟರಲ್ಲಿ ಬೇರೆಯೇ ಆಗಿರುತ್ತದೆ. ಹಾಗಾದರೆ ಮನಸ್ಸನ್ನು ತಿದ್ದುವ ವಿದ್ಯೆ ಯಾವುದು? ಈ ಪ್ರಶ್ನೆಯ ಬೆನ್ನು ಹತ್ತಿದ ಪತ್ರಕರ್ತ ಉಪನಿಷತ್ತಿನ ಬಾಗಿಲಿಗೆ ಬಂದು ನಿಂತರು. ಹಾನಗಲ್ ವಿರೂಪಾಕ್ಷ ಶಾಸ್ತ್ರಿಗಳಂಥ ದೊಡ್ಡ ವಿದ್ವಾಂಸರ ಹತ್ತಿರ ಕೂತು ವೇದಾಂತ ಕೇಳಿದರು. ಸಾಮಾನ್ಯವಾಗಿ ನಾವು ತಿಳಿದಿರುವುದು ತತ್ತ್ವಜ್ಞಾನಿ ಸಮಾಜಕ್ಕೆ ಇಳಿದು ಬಂದ ಎಂದು. ಡಿವಿಜಿ ವಿಷಯದಲ್ಲಿ ಆದದ್ದು ಅದರ ತಿರುವುಮುರುವು.

ಮನೆಯ ನೋವೂ ಈ ದಾರಿಯನ್ನು ಆಳಗೊಳಿಸಿತು. ಪತ್ನಿ ಭಾಗೀರಥಮ್ಮನವರು ಬಡತನವನ್ನು ಘನತೆಯಿಂದ ಹೊತ್ತವರು. ಉಡಲು ಸರಿಯಾದ ಸೀರೆಯಿಲ್ಲವೆಂದು ಬಂಧುಗಳ ಮನೆಯ ಸಮಾರಂಭಕ್ಕೆ ಹೋಗದೆ ಉಳಿದ ಅವರ ಪ್ರಸಂಗವನ್ನು ಡಿವಿಜಿ ಬಲ್ಲವರೆಲ್ಲ ನೆನೆಯುತ್ತಾರೆ. ದೊಡ್ಡವರ ಸಹವಾಸದಲ್ಲಿರುವ ಗಂಡನ ಹೆಸರಿಗೆ ತನ್ನ ಹರಿದ ಸೀರೆಯಿಂದ ಅನುಮಾನದ ಮಾತು ಬರಬಾರದು ಎಂಬುದು ಆ ತಾಯಿಯ ಯೋಚನೆ. 1924ರಲ್ಲಿ ಬೆಂಕಿ ಅನಾಹುತದಲ್ಲಿ ಅವರು ತೀರಿಕೊಂಡರು. ಮುಂದೆ ಸಸ್ಯವಿಜ್ಞಾನಿಯಾಗಿ, 'ಹಸುರು ಹೊನ್ನು' ಬರೆದು ಹೆಸರಾದ ಬಿ.ಜಿ.ಎಲ್. ಸ್ವಾಮಿ ಆಗಿನ್ನೂ ಚಿಕ್ಕ ಹುಡುಗ. ಡಿವಿಜಿ ಮತ್ತೆ ಮದುವೆಯಾಗಲಿಲ್ಲ.

ಲಿಯಾಂಗರ ಬದುಕಿನಲ್ಲಿ ತಂದೆಯ ಸಾವು ಮಾಡಿದ್ದನ್ನು ಇಲ್ಲಿ ಹೆಂಡತಿಯ ಸಾವು ಮಾಡಿತು ಎಂದು ಸುಲಭವಾಗಿ ಹೇಳಿಬಿಡಬಹುದು. ನಾನು ಅಷ್ಟು ದೂರ ಹೋಗುವುದಿಲ್ಲ. ಆದರೆ 1930ರಲ್ಲಿ ಅವರು ಉಮರ್ ಖಯ್ಯಾಮನನ್ನು 'ಉಮರನ ಒಸಗೆ'ಯಾಗಿ ಕನ್ನಡಕ್ಕೆ ತಂದಾಗ, ವಿಧಿಯನ್ನು ಪ್ರಶ್ನಿಸುವ ಆ ಪರ್ಷಿಯನ್ ಕವಿಯ ಜತೆ ಅವರು ನಡೆಸಿದ್ದು ಬರಿಯ ಸಾಹಿತ್ಯವ್ಯಾಪಾರವಲ್ಲ. ಸಂದೇಹವನ್ನು ಅವರು ಹೊರಗಟ್ಟಲಿಲ್ಲ, ಮನೆಯೊಳಗೆ ಕೂರಿಸಿಕೊಂಡರು. 1943ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ ಬಂದ 'ಮಂಕುತಿಮ್ಮನ ಕಗ್ಗ'ದ 945 ಪದ್ಯಗಳಲ್ಲಿ ಆರಂಭದ ಹಲವು ಪ್ರಶ್ನೆಗಳೇ. ಕಗ್ಗವನ್ನು ಸಮಾಧಾನದ ಮಾತ್ರೆಯಂತೆ ಹಂಚುವವರು ಆ ಪ್ರಶ್ನೆಗಳನ್ನು ದಾಟಿಕೊಂಡು ಬಿಡುತ್ತಾರೆ.

ಶಿಲಾಬಾಲಿಕೆಯರು ಕಲಿಸಿದ್ದು

ಇಷ್ಟು ಗಂಭೀರ ಮನುಷ್ಯ ಬೇಲೂರಿನ ಮದನಿಕೆಯರ ಮುಂದೆ ಏಕೆ ಅಷ್ಟು ಹೊತ್ತು ನಿಂತರು?

1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಆ ದೇವಾಲಯದ ಹೊರಗೋಡೆಯಲ್ಲಿ, ಚಾವಣಿಗೆ ಆನಿಕೆಯಾಗಿ ಓರೆಯಾಗಿ ನಿಲ್ಲಿಸಿದ 38 ವಿಗ್ರಹಗಳಿವೆ. ಒಳಗೆ ನವರಂಗದಲ್ಲಿ ಇನ್ನೂ ನಾಲ್ಕು. ಕನ್ನಡಿ ಹಿಡಿದವಳು, ಗಿಳಿಯೊಡನೆ ಮಾತಾಡುವವಳು, ಕೋತಿ ಎಳೆದ ಸೀರೆಯ ಸೆರಗು ಬಿಡಿಸಿಕೊಳ್ಳುವವಳು. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ಮುಂತಾದ ರೂವಾರಿಗಳು ತಮ್ಮ ಹೆಸರನ್ನೂ ಬಿರುದನ್ನೂ ಪೀಠದಲ್ಲಿ ಕೆತ್ತಿಕೊಂಡಿದ್ದಾರೆ. ಕನ್ನಡಿ ಹಿಡಿದವಳನ್ನು ಸುಮ್ಮನೆ ಒಂದಷ್ಟು ಹೊತ್ತು ನೋಡಬೇಕು. ಮೈ ಮೂರು ಕಡೆ ಬಳುಕಿದೆ, ತೂಕವೆಲ್ಲ ಒಂದೇ ಕಾಲಿನ ಮೇಲಿದೆ, ತಲೆಯ ಮೇಲೆ ಬಳ್ಳಿಯ ಚಪ್ಪರ. ಅವಳ ಕಣ್ಣು ಅವಳ ಮುಖದ ಮೇಲೆಯೇ ಇದೆ, ಆದರೆ ಅವಳು ನಿಂತಿರುವುದು ದೇವರ ಗುಡಿಯ ಗೋಡೆಯಲ್ಲಿ. ಈ ವಿರೋಧವೇ ಡಿವಿಜಿಯವರ ಹಾಡುಗಳ ಹುರುಳು. ಚೆಲುವು ಚೆನ್ನಕೇಶವನ ಅಂತಃಪುರಕ್ಕೆ ಸೇರಿದ್ದು. ಅದನ್ನು ಮನೆಯಿಂದ ಹೊರಗಿಟ್ಟು ಧರ್ಮ ಬೆಳೆಯುವುದಿಲ್ಲ. 1932ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದ ಕಾಲಕ್ಕೇ 'ಜೀವನ ಸೌಂದರ್ಯ' ಅವರ ವಿಚಾರದ ನಡುಗಂಬವಾಗಿತ್ತು. ರಾಗದ್ವೇಷಗಳನ್ನು ಕೊಲ್ಲುವುದಲ್ಲ, ಹದಗೊಳಿಸುವುದು ಸಂಸ್ಕೃತಿ ಎಂಬ ನಿಲುವು ಅದು.

ಕನ್ಫ್ಯೂಷಿಯಸ್ ಒಮ್ಮೆ ಚೀ ರಾಜ್ಯದಲ್ಲಿ ಪ್ರಾಚೀನ 'ಶಾವೊ' ಸಂಗೀತ ಕೇಳಿ ಮೂರು ತಿಂಗಳು ಮಾಂಸದ ರುಚಿಯನ್ನೇ ಮರೆತಿದ್ದನೆಂದು ಅವನ ಶಿಷ್ಯರು ದಾಖಲಿಸಿದ್ದಾರೆ. ಆಚಾರ ಮತ್ತು ಸಂಗೀತ, ಇವೆರಡರಿಂದ ಮನುಷ್ಯ ನಾಗರಿಕನಾಗುತ್ತಾನೆ ಎಂಬುದು ಅವನ ಗಟ್ಟಿ ನಂಬಿಕೆ. ಬೆಂಗಳೂರಿನ ಬಸವನಗುಡಿಯಲ್ಲಿದ್ದ ಡಿವಿಜಿಯವರಿಗೂ ಕಾವ್ಯ, ಸಂಗೀತ, ಶಿಲ್ಪ ಇವೆಲ್ಲ ಪ್ರಜೆಯ ತರಬೇತಿಯ ಭಾಗವೇ ಆಗಿದ್ದವು.

ಎರಡು ಶಾಲೆಗಳು

1931ರಿಂದ 1937ರವರೆಗೆ ಲಿಯಾಂಗ್ ಶೂಮಿಂಗ್ ಶಾಂಡೊಂಗ್ ಪ್ರಾಂತದ ಜೋಪಿಂಗ್ ಎಂಬಲ್ಲಿ ಗ್ರಾಮ ಪುನರ್ರಚನೆಯ ಪ್ರಯೋಗ ನಡೆಸಿದರು. ಊರಿನ ಆಡಳಿತವನ್ನೇ ಶಾಲೆಯನ್ನಾಗಿ ಮಾರ್ಪಡಿಸುವುದು ಅವರ ಯೋಜನೆ. ರೈತರು ಅಲ್ಲಿ ಅಕ್ಷರ ಕಲಿಯುತ್ತಿದ್ದರು, ಬೆಳೆಯ ಬಗ್ಗೆ ತಿಳಿಯುತ್ತಿದ್ದರು, ಸಹಕಾರ ಸಂಘ ಕಟ್ಟುತ್ತಿದ್ದರು, ಊರಿನ ತಂಟೆ ತಕರಾರು ತೀರಿಸಿಕೊಳ್ಳುತ್ತಿದ್ದರು. ಸೋಂಗ್ ಕಾಲದ ಊರೊಪ್ಪಂದವೊಂದನ್ನು ಅವರು ಹೊಸ ಕಾಲಕ್ಕೆ ಒಗ್ಗಿಸಿದ್ದರು. ಜಪಾನಿನ ದಾಳಿ ಅದನ್ನೆಲ್ಲ ಮುಗಿಸಿತು.

ಡಿವಿಜಿಯವರ ಶಾಲೆ ಪಟ್ಟಣದಲ್ಲಿ ತೆರೆಯಿತು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಆರಂಭವಾಯಿತು. ಈ ಸಂಸ್ಥೆಯ ವಿಶೇಷ ಏನೆಂದರೆ, ಒಂದೇ ಸೂರಿನಡಿ ಬಜೆಟ್ ಚರ್ಚೆಯೂ ನಡೆಯಿತು, ಗೀತೆಯ ಪಾಠವೂ ನಡೆಯಿತು. ಸಂಸ್ಥೆಯ ಇಂಗ್ಲಿಷ್ ಪತ್ರಿಕೆ ಸಂವಿಧಾನ, ಚುನಾವಣೆ, ಪಕ್ಷಪದ್ಧತಿಗಳನ್ನು ಒರೆಗೆ ಹಚ್ಚುತ್ತಿತ್ತು. ಡಿವಿಜಿಯವರ ಗೀತಾ ಉಪನ್ಯಾಸಗಳು 'ಜೀವನಧರ್ಮಯೋಗ'ವಾಗಿ ರೂಪುಗೊಂಡವು. ಆ ಗ್ರಂಥಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಲಿಯಾಂಗರ ತೀರ್ಪಿಗೆ ಉತ್ತರ ಸಿಗುವುದು ಈ ಗ್ರಂಥದಲ್ಲಿ. ಗೀತೆ ಡಿವಿಜಿಗೆ ಸಂನ್ಯಾಸದ ಕರೆಯಾಗಿ ಕೇಳಲಿಲ್ಲ, ಸಂಸಾರದಲ್ಲಿದ್ದುಕೊಂಡೇ ನಡೆಸುವ ಸಾಧನೆಯ ಕೈಪಿಡಿಯಾಗಿ ಕೇಳಿಸಿತು. 'ನಾನು' ಎಂಬುದು ಮೊದಲು ಹೆಂಡತಿ ಮಕ್ಕಳವರೆಗೆ ಹಿಗ್ಗುತ್ತದೆ, ಆಮೇಲೆ ನೆರೆಹೊರೆಗೆ, ಊರಿಗೆ, ದೇಶಕ್ಕೆ, ಕೊನೆಗೆ ಎಲ್ಲ ಜೀವಕ್ಕೆ. ಆತ್ಮವಿಸ್ತರಣೆಯ ಈ ಕ್ರಮ 'ಮಹಾವಿದ್ಯೆ'ಯ ಏಣಿಗೆ ಎಷ್ಟು ಹತ್ತಿರ ನೋಡಿ. ವ್ಯತ್ಯಾಸ ಕೊನೆಯ ಮೆಟ್ಟಿಲಿನಲ್ಲಿ ಮಾತ್ರ: ಚೀನಾದ ಏಣಿ ಲೋಕಶಾಂತಿಯಲ್ಲಿ ನಿಲ್ಲುತ್ತದೆ, ಡಿವಿಜಿಯವರದು ಅಲ್ಲಿಂದಲೂ ಮೇಲಕ್ಕೆ ಬ್ರಹ್ಮದವರೆಗೆ ಚಾಚುತ್ತದೆ. ಮೆಟ್ಟಿಲು ಹತ್ತದೆ ಮೇಲೆ ಹಾರುವುದಕ್ಕೆ ಅಲ್ಲಿ ಅವಕಾಶವಿಲ್ಲ. ಮನೆ, ಊರು, ಮತದಾನ, ತೆರಿಗೆ ಇವನ್ನು ಮಾಯೆಯೆಂದು ತಳ್ಳಿದವನಿಗೆ ಮೋಕ್ಷವೂ ಇಲ್ಲ.

ಇನ್ನೊಂದು ಹೋಲಿಕೆ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಕನ್ಫ್ಯೂಷಿಯಸನ ಬೋಧೆ ಸಿದ್ಧಾಂತದ ಗ್ರಂಥವಾಗಿ ಉಳಿಯಲಿಲ್ಲ. ಇಂಥವನು ಹೀಗೆ ನಡೆದುಕೊಂಡ, ಇಂಥವನಿಗೆ ಗುರು ಹೀಗೆ ಹೇಳಿದ ಎಂಬ ಪ್ರಸಂಗಗಳಾಗಿ ಉಳಿಯಿತು. ಡಿವಿಜಿಯವರ ಎಂಟು ಸಂಪುಟಗಳ 'ಜ್ಞಾಪಕ ಚಿತ್ರಶಾಲೆ'ಯ ರೀತಿಯೂ ಅದೇ. ದಿವಾನರು, ವೈದಿಕರು, ಸಂಗೀತಗಾರರು, ಅವರ ಪಕ್ಕದಲ್ಲೇ ಹೆಸರೇ ಕೇಳದ ಹಳ್ಳಿಗರು. ಅಡುಗೆ ಮಾಡುವವರ ಔದಾರ್ಯಕ್ಕೂ ದಿವಾನರ ನಿಷ್ಠೆಗೂ ಅಲ್ಲಿ ಒಂದೇ ತಕ್ಕಡಿ. ಡಿವಿಜಿಯವರ ನೀತಿಶಾಸ್ತ್ರ ಎಲ್ಲಿದೆ ಎಂದು ಕೇಳಿದವರಿಗೆ ನಾನು ತೋರಿಸುವುದು ಆ ಎಂಟು ಸಂಪುಟಗಳನ್ನು.

ನನಗೆ ಕಾಣುವ ಕೊರತೆ

ಆಧುನಿಕ ಕನ್ಫ್ಯೂಷಿಯನ್ನರ ಮೇಲೆ ಚೀನಾದ ತರುಣರು ಹೊರಿಸಿದ ಆಪಾದನೆ, ಇವರು ಹಳೆಯ ಶ್ರೇಣಿಗೆ ಹೊಸ ಬಣ್ಣ ಹಚ್ಚುತ್ತಾರೆ ಎಂದು. ಆ ಪ್ರಶ್ನೆಯನ್ನು ಡಿವಿಜಿ ಮುಂದೆಯೂ ಇಡಲೇಬೇಕು. ಸಂಸ್ಕಾರವಂತರಾದ ಕೆಲವರು ಮುಂದೆ ನಡೆದರೆ ಸಮಾಜ ಹಿಂದೆ ನಡೆಯುತ್ತದೆ ಎಂಬ ಭರವಸೆ ಅವರ ಬರಹದಲ್ಲಿ ಗಟ್ಟಿಯಾಗಿದೆ. ಸಂಸ್ಕಾರ ಪಡೆಯುವ ಬಾಗಿಲೇ ಯಾರಿಗೆ ಮುಚ್ಚಿತ್ತು ಎಂಬ ಪ್ರಶ್ನೆ ಅಷ್ಟು ಗಟ್ಟಿಯಾಗಿಲ್ಲ.

ಬೇಲೂರಿನಲ್ಲೇ ಇದಕ್ಕೆ ಉದಾಹರಣೆಯಿದೆ. ಚೆನ್ನಕೇಶವನಿಗೆ ಚರ್ಮದ ಪಾದುಕೆ ಮಾಡಿ ಒಪ್ಪಿಸುವ ಹಕ್ಕು ಚನ್ನಗಿರಿ, ಬಸವಾಪಟ್ಟಣ ಕಡೆಯ ಚಮ್ಮಾರ ಕುಲದ್ದು. ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಈ ಸಂಪ್ರದಾಯವನ್ನು ಬರೆದಿಟ್ಟಿದ್ದಾರೆ. ಆ ಕುಲದವರಿಗೆ ಗುಡಿಯ ಪ್ರವೇಶ ಇದ್ದದ್ದು ಕೆಲವು ಸಂದರ್ಭಗಳಲ್ಲಿ ಮಾತ್ರ ಎಂಬುದನ್ನೂ. ದೇವರ ಪಾದಕ್ಕೆ ಬೇಕಾದವರು ದೇವರ ಅಂಗಳಕ್ಕೆ ಬೇಡವಾಗಿದ್ದರು. 1918ರಲ್ಲಿ ಮೈಸೂರು ಸರ್ಕಾರ, ಸರ್ಕಾರಿ ಉದ್ಯೋಗಗಳಲ್ಲಿ ಹಿಂದುಳಿದವರ ಪಾಲನ್ನು ಪರಿಶೀಲಿಸಲು ಮಿಲ್ಲರ್ ಸಮಿತಿ ನೇಮಿಸಿದಾಗ ಹಿಂದುಳಿದವರು ಕೇಳಿದ್ದು ಕೂಡ ಅಂಗಳದ ಪಾಲನ್ನೇ. ಶೀಲವಂತರ ಆಡಳಿತ ಎಂಬ ಆದರ್ಶ ಈ ಬೇಡಿಕೆಗೆ ತಾನಾಗಿ ಉತ್ತರ ಕೊಡುವುದಿಲ್ಲ. ಡಿವಿಜಿ ಕೊಡದಿದ್ದ ಉತ್ತರವನ್ನು ಕುವೆಂಪು, ಅಂಬೇಡ್ಕರ್, ಬಸವಣ್ಣನವರ ಬಳಿ ನಾವು ಹುಡುಕಬೇಕಾಗುತ್ತದೆ. ಹಾಗೆಂದು ಡಿವಿಜಿಯವರನ್ನು ಬದಿಗಿಡಲು ನಾನು ಒಪ್ಪುವುದಿಲ್ಲ. ಹಕ್ಕು ಸಿಕ್ಕ ಮೇಲೆ ಅದನ್ನು ಹೇಗೆ ನಡೆಸಬೇಕು ಎಂಬ ಪ್ರಶ್ನೆ ಎಲ್ಲರಿಗೂ ಉಳಿದೇ ಇದೆ, ಅದನ್ನು ಅವರಷ್ಟು ಬಿಡದೆ ಕೇಳಿದವರು ಕನ್ನಡದಲ್ಲಿ ಇಲ್ಲ.

ನುಡಿದಂತೆ ನಡೆಯುವ ಪರೀಕ್ಷೆ ಲಿಯಾಂಗ್, ಡಿವಿಜಿ ಇಬ್ಬರಿಗೂ ಬಂತು. 1953ರ ಸೆಪ್ಟೆಂಬರಿನಲ್ಲಿ ಲಿಯಾಂಗ್, ಹಳ್ಳಿಯ ರೈತರ ಪಾಡು ಕಾರ್ಮಿಕರಿಗಿಂತ ಬಹಳ ಕೆಳಗಿದೆ ಎಂದು ಮಾವೊ ಎದುರಿಗೇ ವಾದಿಸಿದರು, ಬೈಗುಳ ತಿಂದರು. 1974ರಲ್ಲಿ ಕನ್ಫ್ಯೂಷಿಯಸನನ್ನು ಖಂಡಿಸಬೇಕೆಂಬ ಆಜ್ಞೆ ದೇಶಕ್ಕೆಲ್ಲ ಹೊರಟಾಗ ಎಂಬತ್ತು ದಾಟಿದ ಅವರು ಖಂಡಿಸಲು ಒಪ್ಪಲಿಲ್ಲ. ಡಿವಿಜಿಗೆ ಅಂಥ ಸರ್ವಾಧಿಕಾರಿ ಎದುರಾಗಲಿಲ್ಲ. ಅವರ ಪರೀಕ್ಷೆ ದುಡ್ಡಿನದು. 1970ರಲ್ಲಿ ಬೆಂಗಳೂರಿನಲ್ಲಿ ನಾಡು ಅವರನ್ನು ಸನ್ಮಾನಿಸಿ ನಿಧಿ ಅರ್ಪಿಸಿದಾಗ ಅದನ್ನು ಗೋಖಲೆ ಸಂಸ್ಥೆಗೆ ಕೊಟ್ಟುಬಿಟ್ಟರು. 1974ರಲ್ಲಿ ಪದ್ಮಭೂಷಣ ಬಂತು. 1975ರ ಅಕ್ಟೋಬರ್ 7ರಂದು ತೀರಿಕೊಂಡರು.

ಇನ್ನು ನಮ್ಮ ಸೀಮೆಗೆ ಮರಳೋಣ. ಮಾದಿಹಳ್ಳಿ ಹೋಬಳಿ ಕೇಂದ್ರ. ಪಹಣಿಗೆ, ಜಾತಿ ಆದಾಯ ಪತ್ರಕ್ಕೆ, ಪಿಂಚಣಿಗೆ ಸುತ್ತಲ ಹಳ್ಳಿಯವರು ಕೈಯಲ್ಲಿ ಅರ್ಜಿ ಹಿಡಿದು ನಿಲ್ಲುವುದು ನಾಡಕಚೇರಿಯ ಮುಂದೆ. ಸರ್ಕಾರ ಎಂಬುದು ಅವರ ಪಾಲಿಗೆ ಆ ಕಿಟಕಿ. ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ಅಲ್ಲಿ ಲೆಕ್ಕ ಕೇಳುವ ಹಕ್ಕು ಪ್ರತಿ ಮತದಾರನಿಗಿದೆ. ಡಿವಿಜಿ 'ರಾಜ್ಯಶಾಸ್ತ್ರ'ವನ್ನು ಕನ್ನಡದಲ್ಲಿ ಬರೆದದ್ದು ಆ ಮತದಾರನಿಗಾಗಿಯೇ, ಅವನಿಗೆ ಇಂಗ್ಲಿಷ್ ಬಾರದೆಂದೇ. ಆದ್ದರಿಂದ ಈ ಭಾಗದ ಮೇಷ್ಟ್ರುಗಳಲ್ಲಿ, ಗ್ರಂಥಪಾಲಕರಲ್ಲಿ, ಯುವಕ ಸಂಘಗಳಲ್ಲಿ ಒಂದು ಕೋರಿಕೆ. ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಕಗ್ಗದ ಪಕ್ಕದಲ್ಲೇ 'ರಾಜ್ಯಶಾಸ್ತ್ರ'ವನ್ನೂ 'ವೃತ್ತಪತ್ರಿಕೆ'ಯನ್ನೂ 'ಜ್ಞಾಪಕ ಚಿತ್ರಶಾಲೆ'ಯನ್ನೂ ತರಿಸಿಡಿ. ಮುಂದಿನ ಗ್ರಾಮಸಭೆಗೆ ಒಂದು ವಾರ ಮೊದಲು ಹತ್ತು ಜನ ಕೂತು 'ರಾಜ್ಯಶಾಸ್ತ್ರ'ದ ಒಂದು ಅಧ್ಯಾಯ ಓದಿ, ಆಮೇಲೆ ಸಭೆಗೆ ಹೋಗಿ ಲೆಕ್ಕ ಕೇಳಿ.